ಕರಿಹಲಗೆಯೂ ಬೆಳಕಿನ ಹಲಗೆಯೂ

ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ, ಶಾಲೆಯ ಚರಿತ್ರೆಯನ್ನು ಬರೆಯುವವರು ಬೇರೆ ಇದ್ದಾರೆ, ಫಲಿತಾಂಶಗಳ ಪಟ್ಟಿಯನ್ನು ಕಚೇರಿಯವರು ಕೊಡುತ್ತಾರೆ, ಇನ್ನು ನಾವು ಬರೆಯತಕ್ಕದ್ದೇನು ಎಂದು ಯೋಚಿಸುತ್ತಿದ್ದೆವು. ಅಷ್ಟರಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ತಮ್ಮ ಮೊಮ್ಮಗಳನ್ನು ಎಂಟನೆಯ ತರಗತಿಗೆ ಸೇರಿಸಲಿಕ್ಕೆ ಬಂದವರು, ವರಾಂಡದ ಕೊನೆಯ ಕೋಣೆಯಲ್ಲಿ ಇಣುಕಿ ನೋಡಿ, "ಅಕ್ಕೋರ, ಇಲ್ಲೆ ನಮ್ಮ ಹೊಲಿಗಿ ಮಶೀನು ಇದ್ದುವಲ್ರೀ, ಎಲ್ಲಿ ಹೋದುವು?" ಎಂದು ಕೇಳಿದರು. ಅವರ ಧ್ವನಿಯಲ್ಲಿ ತುಸು ನೋವಿತ್ತು. ಅವರಂತೆಯೇ ಕೇಳುವವರು ಇನ್ನೂ ಅನೇಕರಿರುವರೆಂದು ಬಲ್ಲೆವು. ಆದ್ದರಿಂದ ಆ ಕೋಣೆಯ ವಿಷಯವನ್ನೇ ಬರೆಯುತ್ತೇವೆ.

ಹೊಲಿಗೆಯ ಯಂತ್ರಗಳನ್ನು ಮಾರಲಿಲ್ಲ. ಎರಡು ಇನ್ನೂ ಕೆಲಸ ಮಾಡುತ್ತವೆ, ಉಳಿದವು ಉಗ್ರಾಣದಲ್ಲಿವೆ. ಕೋಣೆಯ ಗೋಡೆಗೆ ಈಗ ಆರು ಅಡಿ ಅಗಲದ ಒಂದು ಹಲಗೆಯನ್ನು ತೂಗುಹಾಕಿದೆ. ಬೆರಳಿನಿಂದ ಮುಟ್ಟಿದರೆ ಅದರ ಮೇಲೆ ಅಕ್ಷರ ಮೂಡುತ್ತದೆ. ಚಿತ್ರ ಬೇಕೆಂದರೆ ಚಿತ್ರ, ಚಲಿಸುವ ಚಿತ್ರ ಬೇಕೆಂದರೆ ಅದೂ ಬರುತ್ತದೆ. ಕಾಗದಪತ್ರಗಳಲ್ಲಿ ಇದಕ್ಕೆ ಸ್ಮಾರ್ಟ್ ಬೋರ್ಡ್ ಎಂದು ಹೆಸರು. ಹುಡುಗಿಯರು ದೊಡ್ಡ ಫೋನ್ ಎನ್ನುತ್ತಾರೆ. ನಾವು ಬೆಳಕಿನ ಹಲಗೆ ಎನ್ನುತ್ತೇವೆ.

ಹೊಸ ಯಂತ್ರಕ್ಕೆ ಹೆದರುವುದು ಮಿಶನ್ ಶಾಲೆಗಳ ಪದ್ಧತಿಯಲ್ಲ. ಬಾಸೆಲ್ ಮಿಶನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಕನ್ನಡದ ಮೊದಲನೆಯ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವು ಕಲ್ಲಚ್ಚಿನಲ್ಲಿ ಒತ್ತಲ್ಪಟ್ಟು ಹೊರಬಿತ್ತು. ಆದರೆ ಯಂತ್ರವನ್ನು ಕಂಡು ಕುಣಿಯುವುದೂ ನಮ್ಮ ಮನೆಯ ಪದ್ಧತಿಯಲ್ಲ. ಅದಕ್ಕೆ ಕಾರಣ ನಮ್ಮ ತಾಯಿಯವರು.

ಅವರು ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಉಪಾಧ್ಯಾಯಿನಿಯಾಗಿದ್ದರು. 1975ರ ಆಗಸ್ಟ್ 1ರಿಂದ ಒಂದು ವರ್ಷದ ತನಕ, ಅಮೇರಿಕದವರ ಎಟಿಎಸ್-6 ಎಂಬ ಉಪಗ್ರಹದ ಮೂಲಕ ನಮ್ಮ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಬರುತ್ತಿದ್ದವೆಂಬುದು ಹಿರಿಯರಿಗೆ ನೆನಪಿರಬಹುದು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗಾ, ವಿಜಾಪುರ ಜಿಲ್ಲೆಗಳ ಹಳ್ಳಿಗಳು ಅದಕ್ಕೆ ಆರಿಸಲ್ಪಟ್ಟಿದ್ದವು. ತಾಯಿಯವರ ಶಾಲೆಗೂ ಒಂದು ಪೆಟ್ಟಿಗೆ ಬಂತು. ಅಂಗಳದಲ್ಲಿ ತಂತಿಯ ಜಾಲರಿಯಿಂದ ಮಾಡಿದ ಹತ್ತು ಅಡಿ ಅಗಲದ ಬೋಗುಣಿಯೊಂದನ್ನು ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದರು. ಮುಂಜಾನೆ ಮಕ್ಕಳಿಗೆ ಪಾಠ, ಸಾಯಂಕಾಲ ಊರಿನವರಿಗೆ ಒಕ್ಕಲುತನದ ಮಾತು. ಶಾಲೆಯ ಮುಖ ನೋಡದ ಹುಡುಗಿಯರೂ ತಮ್ಮಂದಿರನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ. 1976ರ ಜುಲೈ 31ಕ್ಕೆ ಆ ಪ್ರಯೋಗ ಮುಗಿಯಿತು. ಉಪಗ್ರಹವನ್ನು ಬೇರೆ ಕಡೆಗೆ ಸಾಗಿಸಿದರು. "ಪೆಟ್ಟಿಗಿ ಸುಮ್ಮನಾತು. ಬಾಗಲದಾಗ ನಿಂತ ಹುಡುಗ್ಯಾರು ಮತ್ತ ಬರಲಿಲ್ಲ. ಅವರನ್ನ ಒಳಗ ಕರೀಲಿಕ್ಕೆ ನನಗ ಒಂದು ವರ್ಷ ಸಿಕ್ಕಿತ್ತು, ನಾನೂ ಪೆಟ್ಟಿಗೀನೇ ನೋಡಿಕೋತ ಕೂತೆ," ಎಂದು ತಾಯಿಯವರು ಮುಪ್ಪಿನಲ್ಲಿಯೂ ಹೇಳಿಕೊಳ್ಳುತ್ತಿದ್ದರು. ನಾವು ಈ ಮಾತನ್ನು ಹತ್ತಾರು ಸಲ ಕೇಳಿದ್ದೆವು. ಕೇಳಿದ್ದರೂ, ಅದೇ ತಪ್ಪನ್ನು ಇನ್ನೊಂದು ರೀತಿಯಲ್ಲಿ ಮಾಡಿದೆವೆಂಬುದನ್ನು ಮುಂದೆ ಹೇಳುತ್ತೇವೆ.

ಬೆಳಕಿನ ಹಲಗೆಯ ಒಳ್ಳೆಯ ಗುಣವನ್ನು ಮೊದಲು ಹೇಳುವುದು ನ್ಯಾಯ. ನಾವು ಕಲಿಸುವುದು ಗಣಿತ. ಹತ್ತನೆಯ ತರಗತಿಯಲ್ಲಿ ವೃತ್ತದ ಸ್ಪರ್ಶಕವು ಸ್ಪರ್ಶಬಿಂದುವಿನಲ್ಲಿ ತ್ರಿಜ್ಯಕ್ಕೆ ಲಂಬವಾಗಿರುತ್ತದೆಂಬ ಪ್ರಮೇಯವುಂಟು. ಕರಿಹಲಗೆಯ ಮೇಲೆ ದಾರಕ್ಕೆ ಸೀಮೆಸುಣ್ಣ ಕಟ್ಟಿ ವೃತ್ತವನ್ನೆಳೆದು ಒಂದೇ ಒಂದು ಚಿತ್ರವನ್ನು ತೋರಿಸುತ್ತಿದ್ದೆವು. ಹುಡುಗಿಯರು ಆ ಚಿತ್ರವನ್ನು ಬಾಯಿಪಾಠ ಮಾಡುತ್ತಿದ್ದರು. ಹೌದು, ಚಿತ್ರವನ್ನೂ ಬಾಯಿಪಾಠ ಮಾಡಬಹುದು! ಪರೀಕ್ಷೆಯಲ್ಲಿ ಸ್ಪರ್ಶಕವು ಕೆಳಗಿರುವ ಬದಲು ಮೇಲಿದ್ದರೆ ಅರ್ಧ ತರಗತಿ ಕಂಗಾಲಾಗುತ್ತಿತ್ತು. ಈಗ ಜಿಯೋಜೆಬ್ರಾ ಎಂಬ ಸಾಧನವುಂಟು. ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬವರು 2001ರಲ್ಲಿ ಆಸ್ಟ್ರಿಯಾ ದೇಶದ ಸಾಲ್ಜ್‌ಬರ್ಗಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅದನ್ನು ಆರಂಭಿಸಿದರು. ಶಾಲೆಗಳು ಅದಕ್ಕೆ ಹಣ ಕೊಡಬೇಕಾಗಿಲ್ಲ. ಅದರಲ್ಲಿ ಸ್ಪರ್ಶಬಿಂದುವನ್ನು ಬೆರಳಿನಿಂದ ಹಿಡಿದು ವೃತ್ತದ ಸುತ್ತಲೂ ಎಳೆದುಕೊಂಡು ಹೋಗಬಹುದು. ಗೆರೆ ತಿರುಗುತ್ತದೆ, ತ್ರಿಜ್ಯ ತಿರುಗುತ್ತದೆ, ಕೋನವು ಮಾತ್ರ 90 ಡಿಗ್ರಿಯಲ್ಲಿಯೇ ನಿಲ್ಲುತ್ತದೆ. ಮೊದಲನೆಯ ದಿನ ಹಿಂದಿನ ಬೆಂಚಿನಿಂದ ಒಬ್ಬಳು, "ಅಕ್ಕೋರ, ಇನ್ನೊಮ್ಮೆ ಜಗ್ರಿ!" ಎಂದು ಕೂಗಿದಳು. ಇಪ್ಪತ್ತು ವರ್ಷ ಈ ಪ್ರಮೇಯವನ್ನು ಕಲಿಸಿದ ನಮಗೆ, ಇನ್ನೊಮ್ಮೆ ಎಂದು ಯಾರೂ ಕೇಳಿದ್ದಿಲ್ಲ.

ಆದರೆ ಹತ್ತು ಸಲ ಕಂಡದ್ದು ಸಾಧನೆಯಾಗುವುದಿಲ್ಲ. ಕೋನವು ಯಾಕೆ ಹಾಗೆಯೇ ನಿಲ್ಲುತ್ತದೆಂದು ಕೇಳಿದರೆ, "ಅದರಾಗ ಹಂಗ ತೋರಸ್ತೈತ್ರಿ" ಎಂಬ ಉತ್ತರ ಬಂತು. ಆಗ ಹಲಗೆಯನ್ನು ಆರಿಸಿ, ಪಕ್ಕದ ಕರಿಹಲಗೆಗೆ ಹೋಗಿ, ಸ್ಪರ್ಶಕದ ಮೇಲಿನ ಬೇರೆ ಯಾವ ಬಿಂದುವೇ ಆಗಲಿ ವೃತ್ತದ ಹೊರಗಿರುವುದು, ಆದಕಾರಣ ಕೇಂದ್ರದಿಂದ ಅದು ಹೆಚ್ಚು ದೂರ, ಸ್ಪರ್ಶಬಿಂದುವೇ ಅತಿ ಸಮೀಪದ್ದು, ಅತಿ ಸಮೀಪದ ದೂರವೆಂದರೆ ಲಂಬದೂರವೇ ಎಂದು ಒಂದೊಂದೇ ಸಾಲಾಗಿ ಬರೆದೆವು. ಕೈ ನಿಧಾನವಾಗಿ ಬರೆಯುವಾಗ ಮಕ್ಕಳ ಬುದ್ಧಿಯೂ ಅದರ ಜೊತೆಗೆ ನಡೆಯುತ್ತದೆ. ಬೆಳಕಿನ ಹಲಗೆಯಲ್ಲಿ ಮೊದಲೇ ಸಿದ್ಧಪಡಿಸಿದ ಪುಟಗಳು ತಟತಟನೆ ಸರಿದು ಹೋಗುವಾಗ ನಮಗೆ ಪಾಠ ಮುಗಿಯಿತೆಂಬ ಸಂತೋಷ. ಹುಡುಗಿಯರ ನೋಟುಬುಕ್ಕಿನಲ್ಲಿ ಮಾತ್ರ ಅರ್ಧ ವಾಕ್ಯಗಳು. ಅದಕ್ಕಾಗಿ ಆ ಕೋಣೆಯ ಕರಿಹಲಗೆಯನ್ನು ತೆಗೆಯಗೊಡಲಿಲ್ಲ. ಎರಡೂ ಒಂದರ ಪಕ್ಕಕ್ಕೊಂದು ಇವೆ. ಕರೆಂಟು ಹೋದಾಗ ಯಾವುದು ಉಪಯೋಗಕ್ಕೆ ಬರುತ್ತದೆಂದು ಹೇಳಬೇಕಾಗಿಲ್ಲ.

ಇನ್ನು ಹೇಳಲಿಕ್ಕೆ ಮನಸ್ಸು ಹಿಂಜರಿಯುವ ಸಂಗತಿಗೆ ಬರುತ್ತೇವೆ.

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಲ್ಪಟ್ಟವು. ಪಾಠಗಳು ಫೋನಿಗೆ ಹೋದವು. ಝೂಮಿನಲ್ಲಿ ಹಣ ಕೊಡದವರಿಗೆ ನಲವತ್ತು ನಿಮಿಷ. ಪ್ರಮೇಯದ ನಡುವೆಯೇ ಬಾಗಿಲು ಮುಚ್ಚುತ್ತಿತ್ತು. ನಂತರ ವಾಟ್ಸಾಪಿನಲ್ಲಿ ತರಗತಿಗೊಂದು ಗುಂಪು ಮಾಡಿ, ಧ್ವನಿಯಲ್ಲಿ ಪಾಠ ಹೇಳಿ ಲೆಕ್ಕಗಳನ್ನು ಕಳಿಸಲಾರಂಭಿಸಿದೆವು. ಹುಡುಗಿಯರು ಮಾಡಿದ ಲೆಕ್ಕದ ಚಿತ್ರ ತೆಗೆದು ಮರಳಿ ಕಳಿಸಬೇಕು. ಬಹಳ ಮಂದಿ ಕಳಿಸಿದರು. ಹತ್ತನೆಯ ತರಗತಿಯ ಒಬ್ಬಳು ಮೂರು ವಾರವಾದರೂ ಒಂದನ್ನೂ ಕಳಿಸಲಿಲ್ಲ. ನಮ್ಮ ಪಾಠವನ್ನು ಕೇಳಿದ ಗುರುತು ಮಾತ್ರ ಪ್ರತಿ ರಾತ್ರಿಯೂ ಬೀಳುತ್ತಿತ್ತು. ಕೇಳಿಯೂ ಬರೆಯುವುದಿಲ್ಲವೆಂದರೆ ಉದಾಸೀನವೇ ಸರಿ ಎಂದು ತಿಳಿದೆವು. ಒಂದು ಸಾಯಂಕಾಲ ದಣಿದು, ಸಿಟ್ಟಿಗೆದ್ದು, ಆ ಗುಂಪಿನಲ್ಲಿಯೇ ಅವಳ ಹೆಸರು ಹಿಡಿದು, ಓದಲಿಕ್ಕೆ ಮನಸ್ಸಿಲ್ಲದವರು ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂಡಬಹುದು, ಶಾಲೆಯ ಹೆಸರು ಕೆಡಿಸಬಾರದು ಎಂದು ಧ್ವನಿಸಂದೇಶ ಕಳಿಸಿದೆವು.

ಆ ವರ್ಷ ಆಗಸ್ಟಿನಲ್ಲಿ ಸರಕಾರವು ವಿದ್ಯಾಗಮವೆಂಬ ಯೋಜನೆಯನ್ನು ಆರಂಭಿಸಿ, ಉಪಾಧ್ಯಾಯರು ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸಬೇಕೆಂದು ಹೇಳಿತು. ಅಕ್ಟೋಬರಿನಲ್ಲಿ ಅದು ನಿಂತುಹೋಯಿತಾದರೂ, ಆ ಯೋಜನೆ ಇರದಿದ್ದರೆ ನಾವು ಅವಳ ಓಣಿಗೆ ಹೋಗುತ್ತಿರಲಿಲ್ಲ. ಒಂದು ಗುಡಿಯ ಕಟ್ಟೆಯ ಮೇಲೆ ಏಳೆಂಟು ಮಕ್ಕಳಿಗೆ ಲೆಕ್ಕ ಹೇಳಿ, ಅವಳ ಮನೆಯನ್ನು ಕೇಳಿಕೊಂಡು ಹೋದೆವು. ತಾಯಿಯೂ ಮಗಳೂ ಖಾನಾವಳಿಗಾಗಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ತಂದೆಯ ಕೆಲಸ ಏಪ್ರಿಲಿನಲ್ಲಿಯೇ ಹೋಗಿತ್ತಂತೆ. ನಮ್ಮನ್ನು ಕಂಡು ಹುಡುಗಿಯು ಹಿಟ್ಟಿನ ಕೈಯನ್ನು ಹಿಂದೆ ಮಾಡಿಕೊಂಡು ಎದ್ದು ನಿಂತಳು.

"ಮನ್ಯಾಗ ಫೋನ್ ಒಂದ ಐತ್ರಿ, ಅಕ್ಕೋರ. ಅಣ್ಣ ಗ್ಯಾರೇಜಿಗೆ ಒಯ್ತಾನ್ರಿ. ರಾತ್ರಿ ಬಂದ ಮ್ಯಾಲೆ ಅವ ಕೇಳ್ತಾನ್ರಿ."

"ನಾವು ಅಂದದ್ದನ್ನು ಕೇಳಿದೆಯಾ?"

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎಲ್ಲಾರ ಮುಂದ ಹಚ್ಚಿ ಕೇಳಿಸಿದ್ರಿ. ನಿಮ್ಮ ಅಕ್ಕೋರನ ಹೇಳ್ಯಾರ, ಇನ್ನ ರೊಟ್ಟಿ ಬಡಿ, ಸಾಲಿ ಸಾಕು ಅಂದ್ರಿ," ಎಂದಳು.

ನಮ್ಮ ಕೋಪವೇನೂ ಹೊಸದಲ್ಲ. ಈ ಪುಟಗಳನ್ನು ಓದುವ ಅನೇಕರು ಅದರ ರುಚಿ ಕಂಡಿದ್ದೀರಿ. ಆದರೆ ತರಗತಿಯಲ್ಲಿ ಸಿಟ್ಟಿನ ಮಾತು ಬಾಯಿಗೆ ಬರುವ ಮೊದಲು ಎದುರಿಗೊಂದು ಮುಖವಿರುತ್ತದೆ; ಕಣ್ಣು ಕೆಂಪಾಗಿದೆಯೋ, ಹೊಟ್ಟೆ ತುಂಬಿದೆಯೋ ಕಾಣುತ್ತದೆ. ಬಹಳವಾದರೆ ವರಾಂಡಕ್ಕೆ ಕರೆದು ಬೈಯುತ್ತಿದ್ದೆವು. ಆ ಮಾತು ವರಾಂಡದಲ್ಲಿಯೇ ಮುಗಿಯುತ್ತಿತ್ತು. ಇಲ್ಲಿ ನಮ್ಮ ಮಾತು ನಮ್ಮನ್ನು ಬಿಟ್ಟು ಒಬ್ಬ ಅಣ್ಣನ ಅಂಗಿಯ ಜೇಬಿನಲ್ಲಿ ಆ ಮನೆಯನ್ನು ಹೊಕ್ಕು, ಅವನಿಗೆ ಬೇಕಾದಾಗಲೆಲ್ಲ ಮತ್ತೆ ಮತ್ತೆ ನುಡಿಯಿತು. ಶಾಲೆ ಬಿಡಿಸಬೇಕೆಂದು ಮನಸ್ಸಿದ್ದವನಿಗೆ ಮುಖ್ಯೋಪಾಧ್ಯಾಯಿನಿಯ ಸ್ವಂತ ಧ್ವನಿಯಲ್ಲಿಯೇ ಅಪ್ಪಣೆ ಸಿಕ್ಕಂತಾಯಿತು.

ಆಮೇಲೆ ಆ ಹುಡುಗಿ ಒಳಗಿನಿಂದ ಒಂದು ನೋಟುಬುಕ್ಕನ್ನು ತಂದಳು. ಅಣ್ಣನ ಹಳೆಯ ಪುಸ್ತಕಗಳಲ್ಲಿ ಉಳಿದ ಬಿಳಿಯ ಹಾಳೆಗಳನ್ನು ಹರಿದು ಹೊಲಿದದ್ದು. ಆ ವರ್ಷ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಪಾಠಗಳು ಪ್ರಸಾರವಾಗುತ್ತಿದ್ದವಷ್ಟೇ. ಎದುರು ಮನೆಯವರ ಕಿಟಕಿಯ ಹೊರಗೆ ನಿಂತು ಅವಳು ಅವುಗಳನ್ನು ಬರೆದುಕೊಂಡಿದ್ದಳು. ಬರೆಯುವುದರೊಳಗೆ ಪರದೆ ಬದಲಾದಲ್ಲೆಲ್ಲ ಎರಡು ಮೂರು ಸಾಲು ಖಾಲಿ ಬಿಟ್ಟು, ಪಕ್ಕದಲ್ಲಿ ಪೆನ್ಸಿಲಿನಿಂದ 'ಮುಂದ ಹೋತು' ಎಂದು ಗುರುತು ಮಾಡಿದ್ದಳು. ಅಂಥ ಗುರುತುಗಳು ಪುಟಪುಟದಲ್ಲಿಯೂ ಇದ್ದವು.

ನಾವು ಅಲ್ಲಿಯೇ ತಾಯಿಯ ಎದುರಿಗೆ ಅವಳ ಕ್ಷಮೆ ಕೇಳಿದೆವು. ರಾತ್ರಿ ಅಣ್ಣನು ಬರುವ ತನಕ ಕಾದಿದ್ದು ಅವನೊಡನೆಯೂ ಮಾತಾಡಿದೆವು. ಅವನು ಕೆಟ್ಟವನಲ್ಲ; ಇಪ್ಪತ್ತು ವರ್ಷದ ಹುಡುಗ, ಐದು ಜನರ ಊಟ ಅವನ ಕೈಯಲ್ಲಿತ್ತು. ಆದರೆ ಯಾವ ಗುಂಪಿನಲ್ಲಿ ಅವಳನ್ನು ಅವಮಾನಿಸಿದ್ದೆವೋ ಆ ಗುಂಪಿನಲ್ಲಿ ಕ್ಷಮೆ ಕೇಳಲಿಲ್ಲ. ಕೇಳಬೇಕಾಗಿತ್ತು. ಮುಖ್ಯೋಪಾಧ್ಯಾಯಿನಿಯ ಮರ್ಯಾದೆಯೆಂಬುದೊಂದು ಅಡ್ಡ ಬಂತು. ಈ ಬರಹವು ಆ ಬಾಕಿಯ ಸಲುವಾಗಿಯೂ ಎಂದು ತಿಳಿಯಬೇಕು.

2021ರ ಜನವರಿ 1ರಂದು ಹತ್ತನೆಯ ತರಗತಿಗಳು ತೆರೆದಾಗ ಅವಳು ಬಂದಳು. ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ, ಸರಿಯುತ್ತರದ ವೃತ್ತವನ್ನು ತುಂಬುವ ಪರೀಕ್ಷೆಯನ್ನೂ ಬರೆದಳು. ಅವಳ ತರಗತಿಯ ಇನ್ನಿಬ್ಬರು ಬರಲಿಲ್ಲ. ನಾವು ಹೋಗಿ ಕೇಳುವಷ್ಟರಲ್ಲಿ ಒಬ್ಬಳನ್ನು ಗಂಡನ ಮನೆಗೆ ಕಳಿಸಿದ್ದರು. ಇನ್ನೊಬ್ಬಳ ಕುಟುಂಬವು ದುಡಿಯಲಿಕ್ಕೆ ಗೋವೆಯ ಕಡೆಗೆ ಹೋಗಿತ್ತು. ಅವರಿಬ್ಬರ ಫೋನಿನಲ್ಲಿಯೂ ನಮ್ಮ ಪಾಠಗಳು ಮುಟ್ಟಿದ ಗುರುತು ಬಿದ್ದಿತ್ತು.

ನಮ್ಮಲ್ಲಿ ಓದಿ ಈಗ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಒಬ್ಬರಿಗೆ ಈ ಸಂಗತಿಯನ್ನು ಹೇಳಿದೆವು. ಅವರು ತಮ್ಮ ತರಗತಿಯ ಒಂದು ಪದ್ಧತಿಯನ್ನು ತಿಳಿಸಿದರು. ಪಾಠದ ನಡುವೆ ಪರದೆಯ ಮೇಲೆ ಒಂದು ಪ್ರಶ್ನೆಯನ್ನು ಕೊಡುತ್ತಾರೆ. ವಿದ್ಯಾರ್ಥಿಗಳು ತಮ್ಮ ತಮ್ಮ ಫೋನಿನಿಂದ ಉತ್ತರ ಒತ್ತುತ್ತಾರೆ. ಯಾವ ಉತ್ತರಕ್ಕೆ ಎಷ್ಟು ಮಂದಿ ಎಂಬುದು ಮಾತ್ರ ಕಾಣುತ್ತದೆ, ಯಾರ ಹೆಸರೂ ಕಾಣುವುದಿಲ್ಲ. ಕೈ ಎತ್ತಿರೆಂದರೆ ಮುಂದಿನ ಸಾಲಿನ ನಾಲ್ಕು ಹುಡುಗರು ಮಾತ್ರ ಎತ್ತುವ ತರಗತಿಯಲ್ಲಿ, ಹೀಗೆ ಕೇಳಿದರೆ ಹಿಂದಿನ ಸಾಲಿನ ಹುಡುಗಿಯರೂ ಉತ್ತರಿಸುತ್ತಾರೆ. ತಪ್ಪುತ್ತರ ಹೆಚ್ಚಾಗಿ ಬಂದರೆ ಇವರು ಪಾಠವನ್ನು ಮತ್ತೊಮ್ಮೆ ಹೇಳುತ್ತಾರೆ. ಯಾರು ತಪ್ಪಿದರೆಂದು ಕೇಳುವುದಿಲ್ಲ. ಒಬ್ಬಳನ್ನು ಓಣಿಯ ಮುಂದೆ ನಿಲ್ಲಿಸಿದ ಯಂತ್ರವೇ ಇನ್ನೊಬ್ಬಳಿಗೆ ಮರೆಯನ್ನು ಕೊಡಬಲ್ಲದೆಂಬುದು ನಮಗೆ ಹೊಳೆದಿರಲಿಲ್ಲ. ನಮ್ಮ ಹುಡುಗಿಯರಿಗೆ ಶಾಲೆಯಲ್ಲಿ ಫೋನಿಲ್ಲವಾದ್ದರಿಂದ ನಾವು ಅದನ್ನು ಪಾಟಿಗಳಿಂದ ಮಾಡುತ್ತೇವೆ. ಎಲ್ಲರೂ ಕಣ್ಣು ಮುಚ್ಚಿ, ಪಾಟಿಯ ಮೇಲೆ ಉತ್ತರ ಬರೆದು ಎತ್ತಿ ಹಿಡಿಯಬೇಕು, ನಾವೊಬ್ಬರೇ ನೋಡುತ್ತೇವೆ. ಮೊದಲಿಗೆ ನಕ್ಕರು. ಈಗ ಅವರೇ ಬೇಡಿ ಮಾಡಿಸುತ್ತಾರೆ.

ಪಾಲಕರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ಹುಡುಗಿಗೆ ಫೋನ್ ಕೊಡಬೇಕೋ, ಬೇಡವೋ? ಅವರ ಭಯವು ಕಾರಣವಿಲ್ಲದ್ದೆಂದು ನಾವು ಹೇಳಲಾರೆವು. ಆದರೆ ಮಗನ ಕೈಯಲ್ಲಿ ಹಗಲಿರುಳೂ ಫೋನ್ ಇರಗೊಟ್ಟು, ಮಗಳು ಪಾಠಪುಸ್ತಕದ ಮೂಲೆಯ ಕ್ಯೂಆರ್ ಗುರುತನ್ನು ತೆರೆದು ದೀಕ್ಷಾದಲ್ಲಿ ಒಂದು ವಿಜ್ಞಾನದ ಪಾಠ ನೋಡಬೇಕೆಂದರೆ ಹತ್ತು ಪ್ರಶ್ನೆ ಕೇಳುವ ಮನೆಗಳನ್ನು ಬಲ್ಲೆವು. ನಡುಮನೆಯಲ್ಲಿ, ಎಲ್ಲರೂ ಓಡಾಡುವ ಕಡೆ, ದಿನಕ್ಕೆ ಒಂದು ತಾಸು ಕೊಡಿರಿ. ಮಗನಿಗೂ ಅದೇ ಕಟ್ಟಳೆ ಇರಲಿ ಎನ್ನುತ್ತೇವೆ. ಎರಡನೆಯ ಮಾತಿಗೆ ತಂದೆಗಳು ನಗುತ್ತಾರೆ, ತಾಯಂದಿರು ನಗುವುದಿಲ್ಲ.

ಹುಡುಗಿಯರೂ ಸಾಮಾನ್ಯರಲ್ಲ. ನಮ್ಮೂರ ಜಾತ್ರೆಯ ಮೇಲೆ ಪ್ರಬಂಧ ಬರೆಯಿರೆಂದಾಗ, ಒಬ್ಬಳು ಚಾಟ್‌ಜಿಪಿಟಿಯಿಂದ ಬರೆಯಿಸಿಕೊಂಡು ಬಂದು, ತೇರು ಎಳೆಯುವಾಗ ಸಮುದ್ರದ ತಂಗಾಳಿ ಬೀಸುತ್ತಿತ್ತೆಂದು ಓದಿದಳು. ಸಮುದ್ರವು ನಮ್ಮೂರಿಗೆ ಘಟ್ಟದಾಚೆ! ತರಗತಿಯೆಲ್ಲ ನಕ್ಕಿತು, ಅವಳೂ ನಕ್ಕಳು. ಅದೇ ಪ್ರಬಂಧವನ್ನು ಬೆಳಕಿನ ಹಲಗೆಯ ಮೇಲೆ ಹಾಕಿ, ಸುಳ್ಳು ಯಾವುದು, ಯಾರ ಊರಿಗೂ ಒಪ್ಪುವ ಪೊಳ್ಳು ಮಾತು ಯಾವುದು ಎಂದು ಎಲ್ಲರೂ ಕೂಡಿ ಗುರುತು ಹಾಕಿದರು. ಕೊನೆಗೆ ನಾಲ್ಕು ಸಾಲು ಉಳಿಯಿತು. ಆ ದಿನದ ಕನ್ನಡದ ಪಾಠ ನಮಗೆ ಬಹಳ ಮೆಚ್ಚಿಗೆಯಾಯಿತು.

ಇನ್ನು ಹಳೆಯ ವಿದ್ಯಾರ್ಥಿನಿಯರ ಸಂಘದವರು ಪ್ರತಿಯೊಂದು ತರಗತಿಗೂ ಒಂದೊಂದು ಬೆಳಕಿನ ಹಲಗೆಯನ್ನು ದಾನ ಮಾಡಲು ಪ್ರೀತಿಯಿಂದ ಮುಂದೆ ಬಂದಿದ್ದಾರೆ. ಅವರಿಗೆ ಹೃತ್ಪೂರ್ವಕ ವಂದನೆ. ಆದರೂ ಅದನ್ನು ಬೇಡವೆಂದಿದ್ದೇವೆ. ಇದರಿಂದ ಕೆಲವರಿಗೆ ಬೇಸರವಾಗಿದೆಯೆಂದೂ ಕೇಳಿದ್ದೇವೆ. ಹಲಗೆಯು ಉಪಾಧ್ಯಾಯಿನಿಯ ಕೈಯಲ್ಲಿರುತ್ತದೆ, ಫೋನು ಅಣ್ಣನ ಕೈಯಲ್ಲಿರುತ್ತದೆ. ಹುಡುಗಿಯ ಸ್ವಂತ ಕೈಗೆ ಯಂತ್ರವೊಂದು ಸಿಗುವ ಸ್ಥಳ ಶಾಲೆಯ ಹೊರತು ಬೇರೊಂದಿಲ್ಲ. ಆದ್ದರಿಂದ ಆ ಹಣದಲ್ಲಿ ಟ್ಯಾಬ್ಲೆಟ್ಟುಗಳನ್ನು ಕೊಂಡು, ಹಳೆಯ ಹೊಲಿಗೆಯ ಕೋಣೆಯನ್ನು ಶಾಲೆ ಬಿಟ್ಟ ಮೇಲೆ ಐದೂವರೆಯ ತನಕ ತೆರೆದಿಡಬೇಕೆಂದು ಕೇಳಿಕೊಂಡೆವು. ಈಗ ಆರು ಇವೆ. ಹುಡುಗಿಯರು ಸರದಿಯ ಮೇಲೆ ಕೂಡುತ್ತಾರೆ. ಒಬ್ಬ ಉಪಾಧ್ಯಾಯಿನಿ ಕೋಣೆಯಲ್ಲಿಯೇ ಇರುತ್ತಾರೆ, ಆದರೆ ಹೆಗಲ ಮೇಲಿಂದ ಬಗ್ಗಿ ನೋಡುವುದಿಲ್ಲ. ಐದೂವರೆಗೆ ಬಸ್ಸು ಹಿಡಿಯಬೇಕಾದವರಿಗೆ ಮಧ್ಯಾಹ್ನದ ಬಿಡುವಿನಲ್ಲಿ ಮೊದಲ ಸರದಿ. ಶಾಲೆಯ ಗುಂಪಿನಲ್ಲಿ ಯಾವ ಹುಡುಗಿಯ ಹೆಸರನ್ನೂ, ಹೊಗಳಲಿಕ್ಕಾಗಲಿ ಬೈಯಲಿಕ್ಕಾಗಲಿ, ಎತ್ತಕೂಡದೆಂಬುದು ನಮ್ಮನ್ನೂ ಒಳಗೊಂಡು ಎಲ್ಲರಿಗೂ ಇರುವ ನಿಯಮ.

ಆ ಹುಡುಗಿ ಪದವಿ ಕಾಲೇಜಿಗೆ ಸೇರಿದ ವರ್ಷ ನಮ್ಮನ್ನು ಕಾಣಲಿಕ್ಕೆ ಬಂದಿದ್ದಳು. ಅಲ್ಲಿ ಪಾಠವೆಲ್ಲ ಪರದೆಯ ಮೇಲೆಯೇ ನಡೆಯುತ್ತದೆಂದೂ, ಪುಟ ಬೇಗ ಸರಿದರೆ ತಾನೇ ಎದ್ದುನಿಂತು, "ಸರ್, ಸ್ವಲ್ಪ ನಿಲ್ಲಸ್ರಿ" ಎನ್ನುವೆನೆಂದೂ ಹೇಳಿದಳು. ಆ ಹೊಲಿದ ನೋಟುಬುಕ್ಕನ್ನು ನಾವು ಕೇಳಿ ತೆಗೆದುಕೊಂಡೆವು. 'ಮುಂದ ಹೋತು' ಎಂದಿದ್ದ ಖಾಲಿ ಸಾಲುಗಳನ್ನು ಜನವರಿಯ ನಂತರ ನೀಲಿ ಮಸಿಯಲ್ಲಿ ತುಂಬಿದ್ದಾಳೆ. ಸ್ಪರ್ಶಕದ ಪ್ರಮೇಯದ ಚಿತ್ರವನ್ನು ಮೂರು ಬೇರೆ ಬೇರೆ ದಿಕ್ಕಿನಲ್ಲಿ ಬರೆದಿದ್ದಾಳೆ. ಅದು ಕಚೇರಿಯ ಗಾಜಿನ ಕಪಾಟಿನಲ್ಲಿ, ಹಳೆಯ ಹಾಜರಿ ಪುಸ್ತಕಗಳ ಪಕ್ಕದಲ್ಲಿದೆ. ಸಮಾರಂಭಕ್ಕೆ ಬಂದಾಗ ನೋಡಬಯಸುವವರು ಕೇಳಿದರೆ ತೆಗೆದು ತೋರಿಸುತ್ತೇವೆ.